ರಾಡ್ ಕೊಳ್ಳುವ ಮುನ್ನ: ಒಳ್ಳೆಯ ಬಾರ್ಬೆಲ್ ಆರಿಸಲು ಒಂದು ಸಮಗ್ರ ಮಾರ್ಗದರ್ಶಿ

ಮನೆಯ ಚಾವಡಿಯಲ್ಲೋ ಊರಿನ ಯುವಕ ಮಂಡಲದ ಕೋಣೆಯಲ್ಲೋ ಜಿಮ್ ಮಾಡಲು ಹೊರಟವರು ಸಲಹೆ ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ: ಕೈಯಲ್ಲಿರುವ ದುಡ್ಡನ್ನು ಮೊದಲು ರಾಡಿಗೆ ಹಾಕಿ. ಪ್ಲೇಟ್ ಎಂದರೆ ಬರೀ ತೂಕ. ಗುಜರಿಯಿಂದ ತಂದ ಹಳೇ ಕಬ್ಬಿಣದ ಪ್ಲೇಟೂ ಆ ಕೆಲಸ ಮಾಡುತ್ತದೆ. ಬೆಂಚು, ಸ್ಟ್ಯಾಂಡುಗಳನ್ನು ಊರಿನ ವೆಲ್ಡಿಂಗ್ ಅಂಗಡಿಯವರೇ ಗಟ್ಟಿಯಾಗಿ ಮಾಡಿಕೊಡುತ್ತಾರೆ. ರಾಡನ್ನು ಮಾತ್ರ ಯಾರೂ ಹಾಗೆ ಮಾಡಿಕೊಡಲಾರರು. ದಿನವೂ ನಿಮ್ಮ ಅಂಗೈ, ಮಣಿಕಟ್ಟು, ಬೆನ್ನಿಗೆ ತಾಗುವ ವಸ್ತು ಅದೊಂದೇ.

ಇದನ್ನು ನಾನು ಕಲಿತದ್ದು ನನ್ನ ಮೊದಲ ರಾಡಿನಿಂದ. ಕನ್ನಡಿಯಂತೆ ಹೊಳೆಯುತ್ತಿತ್ತು. 'ಮುನ್ನೂರು ಕೆಜಿ ಹಾಕಿ, ಏನೂ ಆಗಲ್ಲ' ಎಂದು ಅಂಗಡಿಯವರು ಹೇಳಿದ್ದರು, ನಾನು ನಂಬಿದ್ದೆ. ಐದನೇ ತಿಂಗಳಲ್ಲಿ ಒಂದು ಸಂಜೆ 110 ಕೆಜಿ ಸ್ಕ್ವಾಟಿನಲ್ಲಿ, ಅಂದರೆ ರಾಡನ್ನು ಬೆನ್ನ ಮೇಲೆ ಹೊತ್ತು ಕುಳಿತೇಳುವಾಗ, ಮೇಲೇಳಲಾಗದೆ ರಾಡನ್ನು ರ‍್ಯಾಕಿನ ಅಡ್ಡಪೈಪಿನ ಮೇಲೆ ಬಿಟ್ಟೆ. ನನಗೇನೂ ಆಗಲಿಲ್ಲ. ಆದರೆ ಮರುದಿನದಿಂದ ರಾಡನ್ನು ಕೊಕ್ಕೆಗಳ ಮೇಲೆ ಹೇಗೇ ಇಟ್ಟರೂ ಅದು ತಾನಾಗಿ ಹೊರಳಿ ಒಂದೇ ಭಂಗಿಗೆ ಬಂದು ನಿಲ್ಲುತ್ತಿತ್ತು. ನಡು ಬಾಗಿತ್ತು, ಬಾಗಿದ ಹೊಟ್ಟೆ ಪ್ರತಿಸಲ ಕೆಳಗೆ ಬರುತ್ತಿತ್ತು. ವರ್ಕ್‌ಶಾಪಿಗೆ ಒಯ್ದು ಪ್ರೆಸ್ಸಿನಲ್ಲಿ ಒತ್ತಿಸಿದೆ. ಒಂದು ಡೊಂಕಿದ್ದದ್ದು ಎರಡಾಯಿತು.

ಒಳ್ಳೆಯ ರಾಡನ್ನು ಹೊಳಪಿನಿಂದಾಗಲಿ, ಡಬ್ಬದ ಮೇಲೆ ಬರೆದ ಸಾಮರ್ಥ್ಯದಿಂದಾಗಲಿ ಗುರುತಿಸಲು ಬರುವುದಿಲ್ಲ. ಅಳೆದು, ತಿರುಗಿಸಿ, ಕೈಯಲ್ಲಿ ಹಿಡಿದು ನೋಡಿಯೇ ತಿಳಿಯಬೇಕು.

1. ನಿಮ್ಮ ಅಭ್ಯಾಸ ಯಾವುದು, ಮೊದಲು ತೀರ್ಮಾನಿಸಿ

ಸ್ನ್ಯಾಚ್ (ಭಾರವನ್ನು ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆ ಎತ್ತುವುದು), ಕ್ಲೀನ್ ಆಂಡ್ ಜರ್ಕ್ (ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲೆ) ಮಾಡುವ ವೇಟ್‌ಲಿಫ್ಟರ್‌ಗಳಿಗೆ ಬೇಕಾದ ರಾಡ್ ಒಂದು. ಸ್ಕ್ವಾಟ್, ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ಮಾಡುವ ಪವರ್‌ಲಿಫ್ಟರ್‌ಗಳಿಗೆ ಬೇಕಾದದ್ದು ಇನ್ನೊಂದು. ಮೊದಲನೆಯದು ತುಸು ತೆಳ್ಳಗೆ, ಸ್ಪ್ರಿಂಗಿನಂತೆ ಬಾಗಿ ಚಿಮ್ಮುವಂಥದ್ದು, ಪ್ಲೇಟ್ ಕೂರುವ ತುದಿ, ಅಂದರೆ ಸ್ಲೀವ್, ಸಲೀಸಾಗಿ ತಿರುಗುವಂಥದ್ದು. ಎರಡನೆಯದು ದಪ್ಪ, ಬಿಗಿ, ಕೈಗೆ ಚೆನ್ನಾಗಿ ಕಚ್ಚುವಂಥದ್ದು. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವವರಿಗೆಂದೇ 28.5 ಮಿಮೀ ಆಸುಪಾಸಿನ ದಪ್ಪದ ಮಧ್ಯಮ ರಾಡುಗಳು ಸಿಗುತ್ತವೆ. ಸ್ಪರ್ಧೆಯ ಯೋಚನೆ ಇಲ್ಲದೆ ಮೈ ಗಟ್ಟಿ ಮಾಡಿಕೊಳ್ಳಲು ಹೊರಟವರಿಗೆ ನಾನು ಅದನ್ನೇ ಹೇಳುತ್ತೇನೆ.

2. ಅಳತೆಗಳನ್ನು ಬರೆದುಕೊಂಡೇ ಅಂಗಡಿಗೆ ಹೋಗಿ

ಅಂತಾರಾಷ್ಟ್ರೀಯ ವೇಟ್‌ಲಿಫ್ಟಿಂಗ್ ನಿಯಮದಂತೆ ಪುರುಷರ ರಾಡಿನ ತೂಕ 20 ಕೆಜಿ, ಉದ್ದ 2200 ಮಿಮೀ, ಹಿಡಿಯುವ ಭಾಗದ ದಪ್ಪ 28 ಮಿಮೀ. ಪ್ಲೇಟ್ ಕೂರುವ ಎರಡು ತುದಿಗಳಿಗೆ ಸ್ಲೀವ್ ಎನ್ನುತ್ತಾರೆ. ಅವು 50 ಮಿಮೀ ದಪ್ಪ, ಒಂದೊಂದೂ 415 ಮಿಮೀ ಉದ್ದ. ಮಹಿಳೆಯರ ರಾಡ್ 15 ಕೆಜಿ, 2010 ಮಿಮೀ ಉದ್ದ, 25 ಮಿಮೀ ದಪ್ಪ. ಸ್ಲೀವ್ 320 ಮಿಮೀ. ಎರಡರಲ್ಲೂ ಸ್ಲೀವ್‌ಗಳ ನಡುವಿನ ಅಂತರ ಮಾತ್ರ ಒಂದೇ, 1310 ಮಿಮೀ. ಪವರ್‌ಲಿಫ್ಟಿಂಗಿನಲ್ಲಿ ರಾಡ್ ಗಂಡಸರಿಗೂ ಹೆಂಗಸರಿಗೂ 20 ಕೆಜಿಯದ್ದೇ, ದಪ್ಪ ಸಾಮಾನ್ಯವಾಗಿ 29 ಮಿಮೀ.

ನಮ್ಮ ಕಡೆ ಅಂಗಡಿಗಳಲ್ಲಿ ಲೆಕ್ಕವೆಲ್ಲ ಅಡಿಯಲ್ಲಿ: ಐದಡಿ, ಆರಡಿ, ಏಳಡಿ ರಾಡ್. ಇಲ್ಲಿ ಹುಷಾರಾಗಿರಿ. ಸರಿಯಾಗಿ ಏಳು ಅಡಿ ಎಂದರೆ 2134 ಮಿಮೀ. ನಿಯಮದ 2200 ಮಿಮೀ ಆಗಬೇಕಾದರೆ ಏಳೂಕಾಲು ಅಡಿಗೆ ಸ್ವಲ್ಪ ಕಡಿಮೆ ಇರಬೇಕು. ಐದಡಿ ರಾಡಂತೂ ದೊಡ್ಡ ರ‍್ಯಾಕಿನ ಎರಡು ಕಂಬಗಳ ನಡುವೆ ಸರಿಯಾಗಿ ಕೂರುವುದೇ ಇಲ್ಲ, ಸ್ಲೀವ್ ಕೊಕ್ಕೆಗೆ ತಾಗುತ್ತದೆ. ಅದಕ್ಕೇ ಉದ್ದಕ್ಕಿಂತ ಮೊದಲು ಸ್ಲೀವ್‌ಗಳ ನಡುವಿನ ಅಂತರ ಅಳೆಯಿರಿ.

ಪ್ಲೇಟಿನ ತೂತಿನ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಮನೆ ಬಳಕೆಯ ಸೆಟ್ಟುಗಳಲ್ಲಿ ಸುಮಾರು ಒಂದು ಇಂಚಿನ ತೂತು, ಒಲಿಂಪಿಕ್ ರಾಡಿನ ಪ್ಲೇಟುಗಳಲ್ಲಿ 50 ಮಿಮೀ ಸ್ಲೀವ್ ಹಿಡಿಸುವಷ್ಟು ತೂತು. ಒಂದರದ್ದು ಇನ್ನೊಂದಕ್ಕೆ ಆಗದು. ಮನೆಯಲ್ಲಿ ಸಣ್ಣ ತೂತಿನ ಪ್ಲೇಟ್ ರಾಶಿ ಇದೆ ಎಂದು ಸಣ್ಣ ರಾಡನ್ನೇ ಮತ್ತೆ ಕೊಳ್ಳಬೇಡಿ. ಭಾರ 60–70 ಕೆಜಿ ದಾಟುವ ಹೊತ್ತಿಗೆ ಆ ರಾಡ್ ಸಾಕಾಗುವುದಿಲ್ಲ, ಖರ್ಚು ಎರಡು ಸಲ ಆಗುತ್ತದೆ.

3. ತೂಕ ನಿಜವೇ?

ಉಡುಪಿ ಜಿಲ್ಲೆಯ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, 56 ಕೆಜಿ ವಿಭಾಗದಲ್ಲಿ, ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು: ಸ್ನ್ಯಾಚಿನಲ್ಲಿ 111, ಕ್ಲೀನ್ ಆಂಡ್ ಜರ್ಕಿನಲ್ಲಿ 138. ಆ 138ನ್ನು ಬಿಡಿಸಿ ನೋಡಿ. ರಾಡ್ 20 ಕೆಜಿ. ಪ್ಲೇಟ್ ಜಾರದಂತೆ ಬಿಗಿಯುವ ಎರಡು ಕಾಲರ್‌ಗಳು ತಲಾ ಎರಡೂವರೆಯಂತೆ 5 ಕೆಜಿ. ಉಳಿದದ್ದು 113, ಒಂದೊಂದು ಬದಿಗೆ 56.5: ಎರಡು ಕೆಂಪು 25, ಒಂದು ಬಿಳಿ 5, ಒಂದು ಹಳದಿ 1.5. ಲೆಕ್ಕ ಶುರುವಾಗುವುದೇ ರಾಡಿನಿಂದ. ಸ್ಪರ್ಧೆಯ ನಿಯಮದಲ್ಲಿ 20 ಕೆಜಿ ರಾಡಿನ ತೂಕ 20 ಗ್ರಾಂ ಹೆಚ್ಚಿರಬಹುದು, 10 ಗ್ರಾಂ ಕಡಿಮೆ ಇರಬಹುದು, ಅದಕ್ಕಿಂತ ಆಚೀಚೆ ಇಲ್ಲ.

ನಮಗೆ ಅಷ್ಟು ಕಟ್ಟುನಿಟ್ಟು ಬೇಡ. ಆದರೆ 20 ಎಂದು ಹೇಳಿ ಹದಿನೇಳೋ ಹದಿನೆಂಟೋ ಕೆಜಿಯ ರಾಡ್ ಕೊಟ್ಟರೆ ನಿಮ್ಮ ಡೈರಿಯಲ್ಲಿ ಬರೆದ ಅಂಕಿಗಳೆಲ್ಲ ಸುಳ್ಳು. ಕಾಲೇಜಿನ ಹುಡುಗನೊಬ್ಬ ಅದೇ ಅಂಕಿ ನಂಬಿ ಜಿಲ್ಲಾ ಸ್ಪರ್ಧೆಗೆ ಹೋದರೆ ಮೊದಲ ಪ್ರಯತ್ನದಲ್ಲೇ ಭಾರ ಮೇಲೇಳುವುದಿಲ್ಲ. ಅವನ ತಪ್ಪೇನೂ ಇಲ್ಲದೆ ಅವನು ಕುಗ್ಗಿಹೋಗುತ್ತಾನೆ. ಹತ್ತಿರದ ದಿನಸಿ ಅಂಗಡಿಯಲ್ಲೋ ಅಡಿಕೆ ಮಂಡಿಯಲ್ಲೋ ಎಲೆಕ್ಟ್ರಾನಿಕ್ ತಕ್ಕಡಿ ಇದ್ದೇ ಇರುತ್ತದೆ, ರಾಡನ್ನು ಒಯ್ದು ಇಡಿ. ನೂರಿನ್ನೂರು ಗ್ರಾಂ ವ್ಯತ್ಯಾಸ ಇದ್ದರೆ ಬಿಡಿ, ಅರ್ಧ ಕೆಜಿ ದಾಟಿದರೆ ಕೊಳ್ಳಬೇಡಿ. ಅಮೆರಿಕದ ಅಳತೆಯ ರಾಡುಗಳಲ್ಲಿ 45 ಪೌಂಡ್ ಎಂದು ಬರೆದಿರುತ್ತದೆ. ಅದು 20.4 ಕೆಜಿ; ಅದನ್ನು ದೋಷವೆಂದು ಎಣಿಸಬೇಡಿ.

4. ಉಕ್ಕು: ಬಾಗುವುದು ಬೇರೆ, ಬಾಗಿಯೇ ಉಳಿಯುವುದು ಬೇರೆ

ಇಷ್ಟರಲ್ಲೆಲ್ಲ ಬಹಳ ಮಂದಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕೊಡೆಯ ಕಡ್ಡಿ, ಒಂದು ತುಂಡು ಕಟ್ಟುತಂತಿ ಕೈಗೆ ತೆಗೆದುಕೊಳ್ಳಿ. ಎರಡನ್ನೂ ತುಸು ಬಾಗಿಸಿ ಬಿಡಿ. ಕೊಡೆಕಡ್ಡಿ ಟಪ್ಪನೆ ನೆಟ್ಟಗಾಗುತ್ತದೆ, ತಂತಿ ಬಾಗಿದಂತೆಯೇ ಉಳಿಯುತ್ತದೆ. ಎರಡೂ ಉಕ್ಕೇ. ಒಂದಕ್ಕೆ ತನ್ನ ಆಕಾರಕ್ಕೆ ಮರಳುವ ಶಕ್ತಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಎಷ್ಟು ಒತ್ತಡದವರೆಗೆ ರಾಡ್ ಪೂರ್ತಿ ನೆಟ್ಟಗಾಗುತ್ತದೋ ಆ ಮಿತಿಗೆ ಯೀಲ್ಡ್ ಸ್ಟ್ರೆಂತ್ ಎನ್ನುತ್ತಾರೆ. ಮುರಿಯುವ ಮೊದಲು ಅದು ತಡೆಯುವ ಗರಿಷ್ಠ ಒತ್ತಡಕ್ಕೆ ಟೆನ್ಸೈಲ್ ಸ್ಟ್ರೆಂತ್ ಎನ್ನುತ್ತಾರೆ. ಕಂಪನಿಗಳು ಹೆಚ್ಚಾಗಿ ಬರೆಯುವುದು ಎರಡನೆಯದನ್ನು, ಪಿಎಸ್‌ಐ (ಒಂದು ಚದರ ಇಂಚಿಗೆ ಎಷ್ಟು ಪೌಂಡ್) ಲೆಕ್ಕದಲ್ಲಿ. 1,90,000 ಪಿಎಸ್‌ಐ, ಅಂದರೆ ಸುಮಾರು 1310 ಮೆಗಾಪ್ಯಾಸ್ಕಲ್, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯ ರಾಡ್. ಹಗುರ ಅಭ್ಯಾಸಕ್ಕೆ 1,65,000 ಸಾಕು. ಯೀಲ್ಡ್ ಅಂಕಿಯನ್ನೂ ಕೊಟ್ಟಿದ್ದರೆ ಆ ಕಂಪನಿಯ ಮೇಲೆ ನನ್ನ ನಂಬಿಕೆ ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ರಾಡ್ ಮುರಿಯುವುದು ಅಪರೂಪ, ಬಾಗಿ ಹಾಳಾಗುವುದೇ ಜಾಸ್ತಿ.

ಈ ಅಂಕಿ ದೊಡ್ಡದಾದರೆ ರಾಡ್ ಹೆಚ್ಚು ಚಿಮ್ಮುತ್ತದೆ ಎಂದು ಜಿಮ್ಮುಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಭಾರಕ್ಕೆ ಎಷ್ಟು ಬಾಗುತ್ತದೆ ಎಂಬ ಗುಣ ಎಲ್ಲ ಬಗೆಯ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ. ಅದನ್ನು ನಿರ್ಧರಿಸುವುದು ರಾಡಿನ ದಪ್ಪ. ಬಿಗಿತನ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ 28 ಮಿಮೀ ರಾಡಿಗಿಂತ 29 ಮಿಮೀ ರಾಡ್ ಶೇ. 15ರಷ್ಟು ಬಿಗಿ. ಒಂದೇ ಒಂದು ಮಿಲಿಮೀಟರಿಗೆ ಇಷ್ಟು! 25 ಮಿಮೀ ರಾಡಿಗೆ ಹೋಲಿಸಿದರೆ 28 ಮಿಮೀ ರಾಡ್ ಒಂದೂವರೆ ಪಟ್ಟಿಗಿಂತಲೂ ಬಿಗಿ. ಜರ್ಕ್ ಮಾಡುವವರು ಮಂಡಿ ತುಸು ತಗ್ಗಿಸಿದಾಗ ರಾಡಿನ ಎರಡೂ ತುದಿ ಕೆಳಗೆ ಬಾಗಿ, ಅಡಿಕೆ ಕೊಯ್ಯುವ ದೋಟಿಯಂತೆ ಮತ್ತೆ ಮೇಲಕ್ಕೆ ಚಿಮ್ಮುತ್ತವೆ. ಬಲ್ಲವರು ಆ ಕ್ಷಣಕ್ಕೆ ಸರಿಯಾಗಿ ಒದ್ದು ಭಾರವನ್ನು ತಲೆಯ ಮೇಲೆ ಒಯ್ಯುತ್ತಾರೆ. ಬೆನ್ನ ಮೇಲೆ ಭಾರ ಹೊತ್ತು ಕುಳಿತೇಳುವವರಿಗೆ ಅದೇ ತೂಗಾಟ ತೊಂದರೆ. ದಪ್ಪವನ್ನು ಅಭ್ಯಾಸಕ್ಕೆ ತಕ್ಕಂತೆ ಆರಿಸಿ. ಉಕ್ಕಿನ ಗುಣವನ್ನು ಕೈಗೆಟುಕುವಷ್ಟರಲ್ಲಿ ಅತ್ಯುತ್ತಮವಾದದ್ದೇ ನೋಡಿ.

'680 ಕೆಜಿ ತಡೆಯುತ್ತದೆ' ಎಂಬಂಥ ಬರಹವನ್ನು ಮಾತ್ರ ಲೆಕ್ಕಕ್ಕೆ ಇಡಬೇಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಸುಮ್ಮನೆ ನಿಂತ ಭಾರಕ್ಕೂ ಎತ್ತರದಿಂದ ಬಿದ್ದು ಅಡ್ಡಪೈಪಿಗೆ ಬಡಿಯುವ ಭಾರಕ್ಕೂ ಅಜಗಜಾಂತರ. ನನ್ನ ರಾಡನ್ನು ಕೆಡಿಸಿದ್ದು 110 ಕೆಜಿಯಲ್ಲ, ಆ ಏಟು.

ಈ ಸಮಸ್ಯೆ ಹಳೆಯದು. ಸ್ವೀಡನ್ನಿನ ಎಲೈಕೋ ಮೊದಲು ವಿದ್ಯುತ್ ಗೃಹೋಪಯೋಗಿ ಸಾಮಾನು ಮಾಡುತ್ತಿದ್ದ ಕಂಪನಿ. ಅಲ್ಲಿ ಕೆಲಸಕ್ಕಿದ್ದ ವೇಟ್‌ಲಿಫ್ಟರ್ ಒಬ್ಬರು, ರಾಡುಗಳು ಬಾಗುವುದನ್ನೂ ಮುರಿಯುವುದನ್ನೂ ನೋಡಿ ಬೇಸತ್ತು, ತಮ್ಮಲ್ಲೇ ಒಳ್ಳೆಯದನ್ನು ಮಾಡೋಣ ಎಂದು ಒಪ್ಪಿಸಿದ್ದು 1957ರಲ್ಲಿ. 1963ರ ಸ್ಟಾಕ್‌ಹೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರ ರಾಡ್ ಇಡೀ ಸ್ಪರ್ಧೆಯನ್ನು ತಾಳಿಕೊಂಡಿತು. ಅದೇ ದೊಡ್ಡ ಸುದ್ದಿಯಾಯಿತು ಎಂದರೆ ಅದಕ್ಕೂ ಮುಂಚಿನ ರಾಡುಗಳ ಸ್ಥಿತಿ ಊಹಿಸಿಕೊಳ್ಳಿ.

5. ಸ್ಲೀವ್ ತಿರುಗಬೇಕು

ಸ್ನ್ಯಾಚಿನಲ್ಲಿ ರಾಡ್ ನೆಲದಿಂದ ತಲೆಯ ಮೇಲೆ ಹೋಗುವಾಗ ಮಣಿಕಟ್ಟು ಒಮ್ಮೆಲೇ ಮಗುಚುತ್ತದೆ. ಆಗ ಪ್ಲೇಟುಗಳು ರಾಡಿನ ಜೊತೆಗೇ ತಿರುಗಿದರೆ ಅವುಗಳ ಪೂರ್ತಿ ತಿರುಚು ನಿಮ್ಮ ಮಣಿಕಟ್ಟು, ಮೊಣಕೈಗಳ ಮೇಲೆ ಬೀಳುತ್ತದೆ. ಸ್ಲೀವ್ ಬೇರೆಯಾಗಿ ತಿರುಗಬೇಕಾದದ್ದು ಅದಕ್ಕೇ. ಒಳಗೆ ಎರಡು ಬಗೆ: ಬಳೆಯಂಥ ಕಂಚಿನ ಬುಷ್, ಇಲ್ಲವೇ ಸೂಜಿಯಂಥ ಉರುಳೆಗಳಿರುವ ನೀಡಲ್ ಬೇರಿಂಗ್. ಬೇರಿಂಗ್ ಹೆಚ್ಚು ನುಣುಪಾಗಿ, ಹೆಚ್ಚು ಹೊತ್ತು ತಿರುಗುತ್ತದೆ. ಸ್ನ್ಯಾಚ್, ಕ್ಲೀನ್ ಮಾತ್ರ ಮಾಡುವವರಿಗೆ ಅದು ಸರಿ. ಬುಷ್ ಬೆಲೆಯಲ್ಲಿ ಅಗ್ಗ, ಬಾಳಿಕೆಯಲ್ಲಿ ಗಟ್ಟಿ, ಉಳಿದ ಎಲ್ಲ ಅಭ್ಯಾಸಕ್ಕೂ ಸಾಕು. ಬೇರಿಂಗ್ ಇದೆ ಎಂಬ ಒಂದೇ ಕಾರಣಕ್ಕೆ ಸಾಧಾರಣ ಉಕ್ಕಿನ ರಾಡಿಗೆ ಹೆಚ್ಚು ಕೊಡಬೇಡಿ.

ತುದಿಯನ್ನೊಮ್ಮೆ ನೋಡಿ. ದೊಡ್ಡ ಬೋಲ್ಟ್ ತಲೆ ಕಂಡರೆ ಅದು ಅಗ್ಗದ ಜೋಡಣೆ. ನೆಲಕ್ಕೆ ಬೀಳುತ್ತಾ ಬೀಳುತ್ತಾ ಸಡಿಲವಾಗುತ್ತದೆ, ಒಂದು ದಿನ ಭಾರದ ಸಮೇತ ಸ್ಲೀವ್ ಕಳಚಿ ಬರಬಹುದು. ಗಾಡಿ ರಿಪೇರಿಯವರು ಸರ್ಕ್ಲಿಪ್ ಎನ್ನುವ ಸ್ಪ್ರಿಂಗ್ ಉಂಗುರ ಕೂತಿದ್ದರೆ ಒಳ್ಳೆಯದು.

6. ಹಿಡಿತ

ಕೈ ಜಾರದಂತೆ ರಾಡಿನ ಮೇಲೆ ಕೊರೆದ ಸಣ್ಣ ವಜ್ರಾಕಾರದ ಗೀರುಗಳಿಗೆ ನರ್ಲಿಂಗ್ ಎನ್ನುತ್ತಾರೆ. ಅಂಗೈ ಒತ್ತಿ, ರಾಡನ್ನು ಬಿಗಿಯಾಗಿ ಹಿಡಿದು ತಿರುಚಿ ನೋಡಿ. ಮರಳುಕಾಗದದಂತೆ ಎಲ್ಲ ಕಡೆ ಸಮನಾಗಿ ಹಿಡಿಯಬೇಕು. ಒಂದು ಕಡೆ ನುಣುಪು, ಇನ್ನೊಂದು ಕಡೆ ಚುಚ್ಚಿದರೆ ಕೊರೆದ ಮೆಷಿನ್ನಿನ ಕೆಲಸ ಸರಿಯಿಲ್ಲ. ದಿನಕ್ಕೆ ನೂರಾರು ಸಲ ರಾಡ್ ಹಿಡಿಯುವ ವೇಟ್‌ಲಿಫ್ಟರಿಗೆ ಮಧ್ಯಮ ಒರಟು ಸಾಕು, ತೀರಾ ಚೂಪಾದರೆ ವಾರದಲ್ಲೇ ಅಂಗೈ ಹರಿಯುತ್ತದೆ. ಡೆಡ್‌ಲಿಫ್ಟ್ ಮಾಡುವವರಿಗೆ ಚೂಪಾಗಿಯೇ ಇರಲಿ.

ನರ್ಲಿಂಗ್ ನಡುವೆ ಎರಡೂ ಬದಿಗೆ ಒಂದೊಂದು ನುಣುಪಾದ ಗೆರೆ ಇರುತ್ತದೆ. ಕೈ ಎಲ್ಲಿಡಬೇಕು ಎಂಬುದಕ್ಕೆ ಅದು ಗುರುತು. ವೇಟ್‌ಲಿಫ್ಟಿಂಗ್ ರಾಡಿನಲ್ಲಿ ಈ ಎರಡು ಗೆರೆಗಳ ಅಂತರ 910 ಮಿಮೀ, ಪವರ್‌ಲಿಫ್ಟಿಂಗ್ ರಾಡಿನಲ್ಲಿ 810 ಮಿಮೀ. ಅಂಗಡಿಯವರು ಏನೇ ಹೇಳಲಿ, ರಾಡ್ ಯಾವ ಜಾತಿಯದ್ದೆಂದು ಟೇಪು ಹೇಳುತ್ತದೆ. ನಟ್ಟನಡುವೆ ಬೆನ್ನಿಗೆ ತಾಗುವಲ್ಲಿಯೂ ನರ್ಲಿಂಗ್ ಇದ್ದರೆ ಸ್ಕ್ವಾಟಿಗೆ ಅನುಕೂಲ. ಆದರೆ ಕ್ಲೀನಿನಲ್ಲಿ ಅದು ಕತ್ತನ್ನು ಕೆರೆಯುತ್ತದೆ. ಮಹಿಳೆಯರ 15 ಕೆಜಿ ರಾಡಿನಲ್ಲಿ ಅದು ಇರುವುದೇ ಇಲ್ಲ.

ಇಲ್ಲಿ ಒಂದು ಮಾತು. ಹೆಣ್ಣುಮಕ್ಕಳು ಅಭ್ಯಾಸ ಮಾಡುವ ಜಿಮ್ಮಿಗೆ 15 ಕೆಜಿಯ 25 ಮಿಮೀ ರಾಡನ್ನು ದಯವಿಟ್ಟು ತನ್ನಿ. ಸಣ್ಣ ಕೈಗೆ 28 ಮಿಮೀ ಪೂರ್ತಿ ಸಿಗುವುದಿಲ್ಲ. ಹೆಬ್ಬೆರಳನ್ನು ಒಳಗೆ ಮಡಿಸಿ ಅದರ ಮೇಲೆ ಬೆರಳು ಒತ್ತುವ ಹಿಡಿತಕ್ಕೆ ಆ ಮೂರು ಮಿಲಿಮೀಟರ್ ಬಹಳ ದೊಡ್ಡದು. ಮೀರಾಬಾಯಿ ಚಾನು ಟೋಕಿಯೋದಲ್ಲಿ 202 ಕೆಜಿ ಎತ್ತಿ ಬೆಳ್ಳಿ ಗೆದ್ದದ್ದು ಅಂಥ ರಾಡಿನಲ್ಲೇ. ನಮ್ಮ ಹುಡುಗಿಯರು ಗಂಡಸರ ರಾಡಿನಲ್ಲೇ ಕಲಿತು, ಸ್ಪರ್ಧೆಯ ದಿನ ಮೊದಲ ಬಾರಿಗೆ ತಮ್ಮ ಅಳತೆಯ ರಾಡ್ ಮುಟ್ಟುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

7. ತುಕ್ಕು: ನಿಮ್ಮ ಊರಿನ ಹವೆ ನೋಡಿ

ವಿಜಯಪುರ, ಕಲಬುರಗಿಯ ಒಣಹವೆಯಲ್ಲಿ ಚೆನ್ನಾಗಿ ಬಾಳುವ ರಾಡ್ ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪಗಾಗುತ್ತದೆ. ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ ಅದು. ಸಾಲದ್ದಕ್ಕೆ ಉಪ್ಪುಗಾಳಿ, ಅಂಗೈಯ ಬೆವರು.

ಯಾವ ಲೇಪವೂ ಇಲ್ಲದ ಬರಿ ಉಕ್ಕಿನ ಹಿಡಿತ ತುಂಬ ಚೆನ್ನ, ಆದರೆ ದಿನವೂ ಒರೆಸಬೇಕು. ಬ್ಲ್ಯಾಕ್ ಆಕ್ಸೈಡ್ ಕಪ್ಪಗೆ ಚೆಂದ ಕಾಣುತ್ತದೆ, ತುಕ್ಕನ್ನು ತಡೆಯುವುದು ಅಷ್ಟಕ್ಕಷ್ಟೇ. ಜಿಂಕ್ ಲೇಪ ಇದಕ್ಕಿಂತ ವಾಸಿ, ಕಾಲಕ್ರಮದಲ್ಲಿ ಮಂಕಾಗುತ್ತದೆ. ಹಾರ್ಡ್ ಕ್ರೋಮ್ ಗಟ್ಟಿ, ಬಾಳಿಕೆಯದು. ಅಲಂಕಾರಕ್ಕೆ ದಪ್ಪಗೆ ಬಳಿದ ಕ್ರೋಮ್ ಬೇರೆ. ಅದು ಗೀರುಗಳನ್ನೇ ತುಂಬಿ ಹಿಡಿತವನ್ನು ಜಾರಿಸುತ್ತದೆ, ಆಮೇಲೆ ಸಿಪ್ಪೆಯಂತೆ ಏಳುತ್ತದೆ. ನನ್ನ ಮೊದಲ ರಾಡಿನ ಕನ್ನಡಿ ಹೊಳಪು ಇದೇ. ದುಡ್ಡಿದ್ದರೆ ಸ್ಟೇನ್‌ಲೆಸ್ ಸ್ಟೀಲ್: ಲೇಪವೇ ಇಲ್ಲದ ಹಿಡಿತ, ತುಕ್ಕೂ ಕಡಿಮೆ. ಸಮುದ್ರದ ಪಕ್ಕದಲ್ಲಿ ಅದಕ್ಕೂ ಚಹಾದ ಕಲೆಯಂಥ ಚುಕ್ಕೆ ಬರುತ್ತದೆ, ಉಜ್ಜಿದರೆ ಹೋಗುತ್ತದೆ. ಕರಾವಳಿ, ಮಲೆನಾಡಿನವರಿಗೆ ನನ್ನ ಸಲಹೆ ಹಾರ್ಡ್ ಕ್ರೋಮ್ ಅಥವಾ ಸ್ಟೇನ್‌ಲೆಸ್.

8. ಅಂಗಡಿಯಲ್ಲಿ ಹದಿನೈದು ನಿಮಿಷ

ಜೇಬಿನಲ್ಲಿ ಟೇಪು, ಒಂದು ವರ್ನಿಯರ್ ಕ್ಯಾಲಿಪರ್, ಎರಡು ಮೀಟರ್ ಗಟ್ಟಿ ದಾರ ಇರಲಿ. ಕ್ಯಾಲಿಪರ್ ಇಲ್ಲದಿದ್ದರೆ ಲೇತ್ ಅಂಗಡಿಯವರಲ್ಲಿ ಒಂದು ದಿನಕ್ಕೆ ಕೇಳಿ.

ಮೊದಲು ನೆಟ್ಟಗಿದೆಯೇ ನೋಡಿ. ರಾಡನ್ನು ರ‍್ಯಾಕಿನ ಕೊಕ್ಕೆಗಳ ಮೇಲಿಡಿ. ನಡುಭಾಗವನ್ನು ಕೈಯಿಂದ ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸುತ್ತಾ ಸ್ಲೀವಿನ ತುದಿಯನ್ನೇ ನೋಡಿ. ಗೆಳೆಯರೊಬ್ಬರು ತುದಿಗೆ ತಾಗಿಯೂ ತಾಗದಂತೆ ಒಂದು ಪೆನ್ನು ಹಿಡಿದು ನಿಂತರೆ ಇನ್ನೂ ಸ್ಪಷ್ಟ. ತುದಿ ಒಂದೆರಡು ಮಿಲಿಮೀಟರ್ ಅಲುಗುವುದು ಸ್ಲೀವಿನ ಸಡಿಲದಿಂದಲೂ ಇರಬಹುದು. ಸುತ್ತಿಗೊಮ್ಮೆ ಎದ್ದು ಬಿದ್ದರೆ ರಾಡ್ ಬಾಗಿದೆ. ಅನುಮಾನ ಬಂದರೆ ಹಿಡಿಯುವ ಭಾಗದ ಉದ್ದಕ್ಕೂ ದಾರ ಎಳೆದು ಹಿಡಿದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ. ಬಾಗಿದ ಕಡೆ ಬೆಳಕು ಇಣುಕುತ್ತದೆ.

ಮುಂದೆ ಕ್ಯಾಲಿಪರಿನಲ್ಲಿ ಹಿಡಿಯುವ ಭಾಗದ ದಪ್ಪವನ್ನು ಮೂರು ಕಡೆ ಅಳೆಯಿರಿ, ನುಣುಪಾದ ಜಾಗದಲ್ಲಿ. ಮೂರೂ ಒಂದೇ ಬರಬೇಕು. ಆಮೇಲೆ ಸ್ಲೀವನ್ನು ಬೆರಳಿನಿಂದ ಸುತ್ತಿಸಿ ಬಿಡಿ, ಕಣ್ಣು ಮುಚ್ಚಿ ಕಿವಿ ಕೊಡಿ. ಸದ್ದಿಲ್ಲದೆ ತಿರುಗಿ ಮೆಲ್ಲಗೆ ನಿಂತರೆ ಸರಿ. ಕರಕರ ಎಂದರೆ ಒಳಗೆ ಮರಳೋ ಕಬ್ಬಿಣದ ಚೂರೋ ಇದೆ. ಟಕ್ಕನೆ ನಿಂತರೆ ಜೋಡಣೆ ಬಿಗಿ. ಎರಡೂ ಬದಿ ಒಂದೇ ರೀತಿ ತಿರುಗಬೇಕು. ಸ್ಲೀವನ್ನು ಹಿಂದಕ್ಕೂ ಮುಂದಕ್ಕೂ ಎಳೆಯಿರಿ, ಕೂದಲೆಳೆಯಷ್ಟು ಆಟ ಇರಲಿ, ಬೆರಳಿನಷ್ಟು ಬೇಡ.

ಕೊನೆಗೆ ನಿಮ್ಮ ಪ್ಲೇಟೊಂದನ್ನು ಹಾಕಿ ನೋಡಿ, ಸಲೀಸಾಗಿ ಹೋಗಬೇಕು, ಸುತ್ತ ಗಡಗಡ ಅಲುಗಬಾರದು.

ಇಷ್ಟನ್ನೂ ಮಾಡಲು ಅಂಗಡಿಯವರು ಬಿಡದಿದ್ದರೆ ಬೇರೆ ಅಂಗಡಿ ನೋಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ದಪ್ಪ, ಉಕ್ಕಿನ ಅಂಕಿ, ಬುಷ್ ಅಥವಾ ಬೇರಿಂಗ್, ಲೇಪ, ಈ ನಾಲ್ಕನ್ನೂ ಬರಹದಲ್ಲಿ ಪಡೆಯಿರಿ. ಜಿಎಸ್‌ಟಿ ಬಿಲ್ಲು ಇರಲಿ. ವಾರಂಟಿ ಪತ್ರದಲ್ಲಿ ರಾಡ್ ಬಾಗಿದರೆ ಬದಲಿಸಿ ಕೊಡುತ್ತಾರೆಯೇ, ಸಾಗಣೆ ಖರ್ಚು ಯಾರದು ಎಂಬುದನ್ನು ಓದಿ. ಲಾರಿಯಲ್ಲಿ ಬರುವಾಗಲೂ ರಾಡ್ ಏಟು ತಿನ್ನುತ್ತದೆ, ಆದ್ದರಿಂದ ಪಾರ್ಸೆಲ್ ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಮೇಲಿನ ಪರೀಕ್ಷೆಗಳನ್ನು ಅಂದೇ ಮಾಡಿ ಮುಗಿಸಿ. ಹಳೇ ರಾಡ್ ಕೊಳ್ಳುವುದು ತಪ್ಪಲ್ಲ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ, ಡೊಂಕು ಹೋಗುವುದಿಲ್ಲ, ಅಷ್ಟು ನೆನಪಿರಲಿ.

9. ತಂದ ಮೇಲೆ

ಎತ್ತರದಿಂದ ಬಿಡುವ ಅಭ್ಯಾಸವಿದ್ದರೆ ರಬ್ಬರ್ ಬಂಪರ್ ಪ್ಲೇಟ್ ಹಾಕಿ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ. ಕಬ್ಬಿಣದ ಪ್ಲೇಟ್ ಹಾಕಿದ ರಾಡನ್ನು ಕೈಯಿಂದಲೇ ಕೆಳಗಿಳಿಸಿ. ಅಡ್ಡಪೈಪಿನ ಮೇಲೆ ಎಂದೂ ಎತ್ತಿ ಹಾಕಬೇಡಿ. ಪ್ರಾಣಕ್ಕೆ ಬಂದಾಗ ಮಾತ್ರ ರಾಡಿನ ಯೋಚನೆ ಬಿಟ್ಟು ಕೈಬಿಡಿ.

ಕೈಗೆ ಹಚ್ಚುವ ಬಿಳಿ ಚಾಕ್ ಪುಡಿ ಗೀರುಗಳಲ್ಲಿ ಕೂತು ತೇವ ಹಿಡಿಯುತ್ತದೆ. ಅಭ್ಯಾಸ ಮುಗಿದ ಕೂಡಲೇ ನೈಲಾನ್ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಬಟ್ಟೆಗೆ ಸವರಿ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಸ್ಲೀವಿನ ಸಂದಿಗೆ ಎರಡೇ ಹನಿ ಬಿಡಿ. ಅಡುಗೆ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿದು ಕೊನೆಗೆ ಸ್ಲೀವನ್ನೇ ಕಚ್ಚಿಸುತ್ತದೆ.

ಕೊಂಡ ದಿನವೇ ಸ್ಲೀವಿನ ತುದಿಯಲ್ಲಿ ಬಣ್ಣದ ಪೆನ್ನಿನಿಂದ ತಾರೀಖು ಬರೆದಿಡಿ. ಮೂರು ತಿಂಗಳಿಗೊಮ್ಮೆ ಅದೇ ಕೊಕ್ಕೆಗಳ ಮೇಲಿಟ್ಟು, ಅದೇ ಪೆನ್ನನ್ನು ತುದಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ. ವಾರಂಟಿ ಮುಗಿಯುವ ಹಿಂದಿನ ವಾರ ಇನ್ನೊಮ್ಮೆ.